ಎರಡು ಬೆರಳು ಎಡಕ್ಕ

ಬೆನ್ನು ಡೊಂಕಾದ ಮಕ್ಕಳ ತಪಾಸಣೆಗೆಂದು ತಾವರಗೇರಾದ ಶಾಲೆಗೆ ಹೋಗಿದ್ದೆ. ಮೈ ಯಾವ ಕಡೆ ವಾಲಿದೆ ಎಂದು ನೋಡುವ ದಾರ-ಗುಂಡನ್ನು ಕೊಪ್ಪಳದ ಆಸ್ಪತ್ರೆಯಲ್ಲೇ ಮರೆತಿದ್ದೆ. ಹದಿಮೂರರ ಹುಡುಗಿಯೊಬ್ಬಳನ್ನು ವರಾಂಡದ ಕಂಬದ ಮುಂದೆ ನಿಲ್ಲಿಸಿ, ಕಂಬದ ಅಂಚಿಗೆ ಕಣ್ಣಳತೆ ಹಿಡಿದು, "ಎರಡು ಬೆರಳು ಎಡಕ್ಕ ವಾಲ್ಯಾಳ್ರಿ," ಎನ್ನುತ್ತ ಬರೆದುಕೊಂಡೆ.

ಜೊತೆಗೆ ಬಂದಿದ್ದ ಅವಳಪ್ಪ ಗೌಂಡಿ, ಗಾರೆ ಕೆಲಸದವರು. ಚೀಲದಿಂದ ತಮ್ಮ ದಾರ-ಗುಂಡು ತೆಗೆದು ಮೊದಲು ಕಂಬಕ್ಕೆ ಹಿಡಿದರು. ಆಮೇಲೆ ಮಗಳ ಕುತ್ತಿಗೆಯಿಂದ ಇಳಿಬಿಟ್ಟರು.

"ಮಗಳು ಎಡಕ್ಕ ಒಂದ ಬೆರಳ್ರಿ. ಇನ್ನೊಂದು ಬೆರಳು, ಕಂಬನ ಬಲಕ್ಕ ವಾಲೇತಿ."

ಬರೆದದ್ದನ್ನು ಹೊಡೆದುಹಾಕಿ ತಿದ್ದಿದೆ. ತಪ್ಪು ಸಿಕ್ಕಿಬಿದ್ದ ಸಿಟ್ಟಿಗೇ, "ಈ ಕಂಬ ಕಟ್ಟಿದವರು ಯಾರ್ರಿ?" ಎಂದು ಕೇಳಿದೆ.

ಅವರು ದಾರ ಸುತ್ತುತ್ತ ಹೇಳಿದರು: "ನಾನ ರೀ. ಅದು ಹೆಂಗೂ ನಿಂತೈತಿ. ನೀವು ಇಕಿನ್ನ ನೋಡ್ರಿ."