ಬೆಟ್ಟದ ಕಡೆಗೆ ತಿರುಗಿದ ಮೈಕು

ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಹೊರಗಿನವರಲ್ಲ, ಅಪ್ಪನ ಸ್ವಂತ ಅಣ್ಣ. ನಮ್ಮ ಮನೆಯ ಪಕ್ಕದ ಜೋಳದ ಹೊಲ ಅವರದು. ಆ ಹೊಲದ ಬದುವಿನ ಮೇಲೆ ನಿಂತು, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗಿದು, ಒಳಗಿದ್ದ ಅಪ್ಪನಿಗೂ ಕೇಳಿಸುವ ಹಾಗೆ ನನಗೆ ಹೇಳಿದರು:

“ನೋಡು ಮೊಗ, ಈ ಮೈಕು ನಿಲ್ಲಲ್ಲ, ನೀನು ಪಾಸಾಗಲ್ಲ. ಎಲ್ಡೂ ಆಗದ ಮಾತು. ಸುಮ್ನೆ ಒಂದು ಗಂಡು ನೋಡು ಅಂತ ನಿಮ್ಮಪ್ಪಂಗೆ ಯೋಳು.”

ನಾನು ಕೇಳಿದ್ದು ಇಷ್ಟೇ: ನನ್ನ ಪರೀಕ್ಷೆ ಮುಗಿಯುವ ತನಕ ಸಂಜೆಯ ಮೇಲೆ ಮೈಕು ನಿಲ್ಲಿಸಿ.

ಮೈಕು ಎಂದರೆ ಗುಡಿಯದ್ದಲ್ಲ, ಮದುವೆ ಮನೆಯದ್ದೂ ಅಲ್ಲ. ಕಾಡುಹಂದಿ ಓಡಿಸುವ ಮೈಕು. ನಮ್ಮದು ಹನೂರಿನಿಂದಾಚೆ ಬೆಟ್ಟದ ಬುಡದ ಊರು. ಮುಸುಕಿನ ಜೋಳ ಹಾಲುಗಾಳಾಗುವ ಹೊತ್ತಿಗೆ ಹಂದಿಗಳು ಇಳಿಯುತ್ತವೆ. ಅವು ತಿನ್ನುವುದು ಕಮ್ಮಿ, ಉರುಳಿಸುವುದು ಜಾಸ್ತಿ. ಮೊದಲೆಲ್ಲ ಹೊಲದಲ್ಲಿ ಮರಕ್ಕೆ ಅಟ್ಟಣೆ ಕಟ್ಟಿ, ಅದರ ಮೇಲೆ ಕೂತು ಡಬ್ಬ ಬಡಿದು, ಕೂಗು ಹಾಕಿ ಕಾಯುತ್ತಿದ್ದರು. ದೊಡ್ಡಪ್ಪ ಒಡೆಯರಪಾಳ್ಯದ ಕಡೆ ಯಾರದೋ ಹೊಲದಲ್ಲಿ ನೋಡಿ ಬಂದು, ಕೊಳ್ಳೇಗಾಲದಿಂದ ಈ ಮೈಕು ತಂದರು. ಬ್ಯಾಟರಿಯದು. ಒಮ್ಮೆ ಗುಂಡಿ ಒತ್ತಿ ಅದರೊಳಗೆ ಕೂಗಿದರೆ ಸಾಕು, ಬ್ಯಾಟರಿ ಮುಗಿಯುವ ತನಕ ಅದೇ ಕೂಗನ್ನು ತಿರುಗಿಸಿ ತಿರುಗಿಸಿ ಹೇಳುತ್ತದೆ. ದೊಡ್ಡಪ್ಪ ಕೂಗಿದ್ದು, “ಓಯ್! ಓಗ್ಲಾ! ಬಂದೆ ತಡೀ!”

ಒಂದೇ ಬೆಳೆಯ ಹೊತ್ತಿಗೆ ಸುತ್ತಲಿನ ಹೊಲಗಳಿಗೆಲ್ಲ ಮೈಕು ಬಂದವು. ಒಬ್ಬ ನಾಯಿ ಬೊಗಳಿಸಿದ. ಒಬ್ಬ ಪಟಾಕಿ ಹೊಡೆಸಿದ. ಇನ್ನೊಬ್ಬ ತನ್ನ ಹೆಂಡತಿ ಬೈಯುವುದನ್ನೇ ತುಂಬಿಸಿದ್ದ. “ಅಂದಿ ಇರ್ಲಿ, ಆನೆನೂ ಇತ್ತಗೆ ತಲೆ ಹಾಕಲ್ಲ ಕಣ್ಲಾ” ಎಂದು ಊರೇ ನಗುತ್ತಿತ್ತು. ನಗು ಬಹಳ ದಿನ ಉಳಿಯಲಿಲ್ಲ. ಹಸುಗೂಸುಗಳು ಬೆಚ್ಚಿ ಬಿದ್ದು ಅಳತೊಡಗಿದವು. ಕಾಯಿಲೆ ಬಿದ್ದ ಮುದುಕರು ಶಾಪ ಹಾಕತೊಡಗಿದರು. ಊರಿನ ಯಜಮಾನರು ಮಾರಿಗುಡಿ ಜಗಲಿಯಲ್ಲಿ ನ್ಯಾಯ ಸೇರಿಸಿ ಒಂದು ಕಟ್ಟಳೆ ಮಾಡಿದರು: ಮೈಕಿನ ಬಾಯಿ ಬೆಟ್ಟದ ಕಡೆಗಿರಬೇಕು. ಊರ ಕಡೆ ತಿರುಗಿಸಿದವರ ಮೈಕನ್ನು ಕಿತ್ತು ತಂದು ಗುಡಿಯೊಳಗೆ ಇಡುವುದು. ಎಲ್ಲರೂ ಒಪ್ಪಿದರು. ಅಂದಿನಿಂದ ಊರು ಮಲಗಿತು.

ನಮ್ಮ ಮನೆ ಎದ್ದಿತು. ಅಣ್ಣತಮ್ಮಂದಿರು ಪಾಲಾದಾಗ ಅಪ್ಪನಿಗೆ ಬಂದದ್ದು ಎಲ್ಲರ ಹೊಲಗಳಿಂದಾಚೆ, ಬೆಟ್ಟಕ್ಕೆ ಒತ್ತಿಕೊಂಡ ತುಂಡು. ಮನೆಯನ್ನೂ ಅಲ್ಲೇ ಕಟ್ಟಿಕೊಂಡ. ಊರಿಗೆ ಬೆನ್ನು ಹಾಕಿದ ಮೈಕುಗಳೆಲ್ಲ ಈಗ ನಮ್ಮ ಬಾಗಿಲಿಗೆ ಮುಖ ಮಾಡಿದ್ದವು.

ನಾನು ಕೊಳ್ಳೇಗಾಲದಲ್ಲಿ ಬಿ.ಎ. ಓದಿದವಳು. ಎಲ್ಲ ಪೇಪರೂ ಮುಗಿದು ಅರ್ಥಶಾಸ್ತ್ರದ್ದು ಒಂದು ಉಳಿದಿತ್ತು. ಕಾಲೇಜಿನ ಗುಮಾಸ್ತರು ಮೊದಲೇ ಹೇಳಿದ್ದರು: “ಹಳೇ ಸಿಲೆಬಸ್‌ಗೆ ಇದೇ ಕೊನೇ ಪರೀಕ್ಷೆ ಕಣಮ್ಮ. ಇದ್ರಲ್ಲಿ ಹೋದ್ರೆ ಡಿಗ್ರಿನೇ ಹೋಯ್ತು ಅಂತ ತಿಳ್ಕೋ.” ಹಗಲೆಲ್ಲ ಹನೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಓದಲು ಸಿಗುತ್ತಿದ್ದದ್ದು ಸಂಜೆ ಮಾತ್ರ. ಆ ಸಂಜೆಯೇ ನನ್ನದಾಗಿ ಉಳಿಯಲಿಲ್ಲ.

ಕಿವಿಗೆ ಅರಳೆ ತುರುಕಿದೆ. ಕೊಟ್ಟಿಗೆಯಲ್ಲಿ ಹುಲ್ಲಿನ ಮೆದೆಯ ಹಿಂದೆ ಕೂತು ನೋಡಿದೆ. ಹೈಸ್ಕೂಲಿನ ತಂಗಿ ತಲೆಯ ಮೇಲೆ ದಿಂಬು ಕಟ್ಟಿಕೊಂಡು ಲೆಕ್ಕ ಮಾಡುತ್ತಿದ್ದಳು. ನಾಯಿ, ಪಟಾಕಿಗಳನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಮನುಷ್ಯನ ಮಾತು ಹಾಗಲ್ಲ, ಅದು ತಲೆಯೊಳಗೆ ಕೂರುತ್ತದೆ. ಒಂದು ದಿನ ಬೇಡಿಕೆಯ ನಿಯಮದ ಉತ್ತರವನ್ನು ನೋಡದೆ ಬರೆದು, ಮತ್ತೆ ಓದಿಕೊಂಡಾಗ, ನಡುವೆ ನನ್ನದೇ ಅಕ್ಷರದಲ್ಲಿ “ಬಂದೆ ತಡೀ” ಎಂದು ಇತ್ತು. ಬರೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ತಂಗಿ ನಕ್ಕಳು. ನಾನು ಆ ಹಾಳೆಯನ್ನು ಹರಿದು ಹಾಕಿದೆ. ಪರೀಕ್ಷೆ ಹಾಲಿನಲ್ಲೂ ಹೀಗೇ ಆದರೆ?

ಮರುದಿನವೇ ದೊಡ್ಡಪ್ಪನನ್ನು ಕೇಳಲು ಹೋದದ್ದು.

“ಪರೀಕ್ಷೆ ಅದೆ ದೊಡ್ಡಪ್ಪ, ಸ್ವಲ್ಪ ದಿವ್ಸ ನಿಲ್ಸಿ.”

“ಅಂದಿಗಳ್ಗೆ ಯೋಳು, ಪರೀಕ್ಷೆ ಅದೆ ಬರ್ಬೇಡಿ ಅಂತ. ಅವು ಒಪ್ಪಿದ್ರೆ ನಾನೂ ಒಪ್ತೀನಿ.”

“ಬಾಯಿನಾದ್ರೂ ಆ ಕಡೆಗೆ ತಿರುಗ್ಸಿ.”

“ಆ ಕಡೆ ಊರದೆ. ಕಟ್ಟಳೆ ಮುರೀಲಾ ನಾನು?” ಎಂದವರು, ಆಗಲೇ ಆ ಆಗದ ಮಾತನ್ನು ಆಡಿದರು.

ಜೆರಾಕ್ಸ್ ಅಂಗಡಿಯ ಮಾಲೀಕರು, ರಾತ್ರಿ ಹತ್ತರ ಮೇಲೆ ಮೈಕು ಹಾಕಬಾರದೆಂದು ಕಾನೂನೇ ಇದೆ, ಸ್ಟೇಷನ್ನಿಗೆ ಒಂದು ಅರ್ಜಿ ಕೊಡು ಎಂದರು. ಮನೆಯಲ್ಲಿ ಹೇಳಿದರೆ ಅವ್ವ ಒಲೆಯ ಮುಂದಿನಿಂದ ಎದ್ದೇ ಬಂದಳು. “ಸ್ಟೇಷನ್ ಮೆಟ್ಲು ಅತ್ತಿದ್ ಮೇಲೆ ಈ ಊರಲ್ಲಿ ನಮ್ಗೆ ಬೆಂಕಿಕಡ್ಡಿ ಕೊಡೋರೂ ಇರಲ್ಲ. ಯಜಮಾನ್ರ ತಾವು ಓಗಣ. ನಿಮ್ಮಪ್ಪ ಮಾತಾಡ್ಲಿ.”

ಅಪ್ಪ ಯಜಮಾನರಿಗೆ ವೀಳ್ಯ ಕೊಟ್ಟು ನ್ಯಾಯ ಕರೆದ. ಅಣ್ಣನ ಮುಂದೆ ತಲೆಯೆತ್ತಿ ಮಾತಾಡಿದವನಲ್ಲ ಅವನು. ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, “ಮೊಗ ಓದ್ಕತದೆ... ಒಸಿ ತೊಂದ್ರೆ...” ಎಂದವನು ಅಲ್ಲಿಗೇ ನಿಂತ. ದೊಡ್ಡಪ್ಪ ಹೆಗಲ ಟವೆಲ್ಲು ಕೊಡವಿ ಎದ್ದರು. “ಆಯ್ತಲ್ಲ? ಏಳಿ ಓಗಣ.”

ಈಗ ಎಲ್ಲರೂ ಎದ್ದು ಹೋದರೆ ನನ್ನ ಡಿಗ್ರಿಯೂ ಎದ್ದು ಹೋಗುತ್ತದೆ. ಹೆಂಗಸರ ಗುಂಪಿನಿಂದ ಮುಂದೆ ಬಂದು ನಿಂತೆ.

“ಎಣ್ಮಗ ಯಾಕ್ಲಾ ಮುಂದಕ್ಕೆ ಬಂತು?” ಎಂದ ಒಬ್ಬ.

“ತಡೀಲಾ. ಓದಿರೋ ಮೊಗ, ಏನ್ ಯೋಳ್ತದೋ ಯೋಳ್ಲಿ” ಎಂದರು ಯಜಮಾನರು.

“ಊರ ಕಡೆ ಬಾಯಿ ತಿರುಗ್ಸಬಾರ್ದು ಅಂತ ಕಟ್ಟಳೆ ಮಾಡಿದ್ದೀರಿ. ಒಪ್ಪಿದ್ವಿ. ನಮ್ಮನೆ ಊರಲ್ವಾ?”

ನನ್ನ ದನಿ ಏರಿತು. “ಊರಿನ ವರಿ ದುಡ್ಡು ಕಟ್ಟೋವಾಗ ನಮ್ಮನೆ ಊರು. ಸಾವಿಗೆ ಸೌದೆ ಕೊಡೋವಾಗ ಊರು. ಮೈಕಿಗೆ ಮಾತ್ರ ಬೆಟ್ಟವಾ?”

“ಒಂದು ಮನೆಗೋಸ್ಕರ ಇಡೀ ಊರು ನಿದ್ದೆ ಕೆಡ್ಸಿಕೊಳ್ಬೇಕಾ?” ದೊಡ್ಡಪ್ಪ ಗುಂಪಿನ ಕಡೆ ತಿರುಗಿ ಕೇಳಿದರು. ನಾಲ್ಕಾರು ತಲೆಗಳು ಹೌದೆಂದು ಆಡಿದವು. ಹಿಂದಿನಿಂದ ಯಾರೋ, “ಡಿಗ್ರಿ ಮಾಡಿ ಅಂದಿ ಕಾಯಕ್ಕೆ ಓಯ್ತಾಳಾ?” ಎಂದರು. ನಗು ಬಂತು.

ಯಜಮಾನರು ಕೈಯೆತ್ತಿ ನಗು ನಿಲ್ಲಿಸಿದರು. ಆಮೇಲೆ ತೀರ್ಪು ಹೇಳಿದರು. ಪರೀಕ್ಷೆ ಮುಗಿಯುವ ತನಕ ಆ ಮನೆಗೆ ಎದುರಾದ ಮೈಕುಗಳು ನಿಲ್ಲಬೇಕು. ಬದಲಿಗೆ ಅಟ್ಟಣೆ ಕಾವಲು. ಕೇಳಿದವರದೇ ಕಾವಲು, ಅಂದರೆ ಅಪ್ಪನದು. ಹಂದಿ ಕಂಡರೆ ಬಾಯಲ್ಲಿ ಕೂಗಿ ಓಡಿಸಲಿ. ಆದರೆ ಒಂದು ದಂಟು ಮುರಿದರೂ ಮೈಕು ಆ ಗಳಿಗೆಯಿಂದಲೇ ಶುರು. ಈ ಪರೀಕ್ಷೆಗೆಂದು ಮತ್ತೆ ನ್ಯಾಯ ಕರೆಯುವ ಹಾಗಿಲ್ಲ.

ದೊಡ್ಡಪ್ಪ ಮೈಕಿಗೆ ಗೋಣಿಚೀಲ ಮುಚ್ಚಿ ಹೊಲದ ಮೂಲೆಯಲ್ಲೇ ಇಟ್ಟರು. ಮನೆಗೆ ಒಯ್ಯಲಿಲ್ಲ. ಬೇಗ ಬೇಕಾಗುತ್ತದೆಂದು ಅವರಿಗೆ ನಂಬಿಕೆಯಿತ್ತು.

ಸದ್ದು ನಿಂತರೆ ಓದುತ್ತೇನೆ ಎಂದುಕೊಂಡಿದ್ದೆ. ಮೊದಲ ಸಂಜೆ ಒಂದು ಪುಟವೂ ತಲೆಗೆ ಹತ್ತಲಿಲ್ಲ. ಕಿವಿ ಆ ಕೂಗನ್ನೇ ಕಾಯುತ್ತಿತ್ತು. ಅದು ಬಾರದೇ ಹೋದಾಗ ಹೊಲದ ಕಡೆ ತಿರುಗಿತು. ಗರಿ ಅಲ್ಲಾಡಿದರೆ ಹಂದಿಯೇ? ಒಣಗಿದ ಎಲೆ ಬಿದ್ದರೆ ಹಂದಿಯೇ? ಮೊದಲು ಸದ್ದು ಓದಲು ಬಿಡಲಿಲ್ಲ, ಈಗ ಸದ್ದಿಲ್ಲದಿರುವುದು ಬಿಡಲಿಲ್ಲ. ಅಪ್ಪ ಸಂಜೆ ಅಟ್ಟಣೆ ಹತ್ತಿದರೆ ಕೋಳಿ ಕೂಗಿದ ಮೇಲೆ ಇಳಿಯುತ್ತಿದ್ದ. ಹಗಲು ಅವನು ಮಲಗಲೆಂದು ಅವ್ವನೇ ಕೂಲಿಗೆ ಹೋಗತೊಡಗಿದಳು. ಅವರಿಬ್ಬರ ಮುಖ ನೋಡಿದ ಮೇಲೆ ಪುಸ್ತಕ ಮುಚ್ಚಿಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಹಟ ಹಿಡಿದು ಓದಿದೆ. ನಿಧಾನವಾಗಿ ಹತ್ತಿತು.

ಪರೀಕ್ಷೆಯ ಹಿಂದಿನ ದಿನ ಅಪ್ಪನ ಗಂಟಲು ಪೂರಾ ಕಟ್ಟಿಹೋಯಿತು. ಇಬ್ಬನಿಯಲ್ಲಿ ಕೂತದ್ದಕ್ಕೋ ಏನೋ, ಬಾಯಿ ತೆರೆದರೆ ಗಾಳಿ ಬರುತ್ತಿತ್ತೇ ಹೊರತು ಮಾತಿಲ್ಲ. “ಇವತ್ತು ನಾನ್ ಓಯ್ತೀನಿ” ಎಂದು ಅವ್ವ ಅಂದರೆ, ಬೇಡವೆಂದು ಕೈಯಾಡಿಸಿ ಟಾರ್ಚು ತೆಗೆದುಕೊಂಡು ಹತ್ತಿಯೇಬಿಟ್ಟ.

ಮುಸ್ಸಂಜೆ. ನಾನು ಹೊಸ್ತಿಲ ಮೇಲೆ ಕೂತು ಕೊನೆಯ ಪಾಠ ತಿರುವುತ್ತಿದ್ದೆ. ದೊಡ್ಡಪ್ಪನ ಹೊಲದ ಸುತ್ತ, ಹಂದಿ ಬೆದರಲೆಂದು ಹಳೇ ಸೀರೆಗಳನ್ನು ಬೇಲಿಯಂತೆ ಕಟ್ಟಿದ್ದರು. ಆ ಕಡೆಯಿಂದ ಪರ್ ಎಂದು ಬಟ್ಟೆ ಹರಿದ ಸದ್ದು ಬಂತು. ಅಟ್ಟಣೆಯ ಮೇಲೆ ಟಾರ್ಚು ಹುಚ್ಚು ಹಿಡಿದ ಹಾಗೆ ಅತ್ತಿತ್ತ ಆಡಿತು. ಕೂಗಿಲ್ಲ. ಆಮೇಲೆ ದಂಟು ಮುರಿದ ಸದ್ದು.

ಪುಸ್ತಕ ಎಸೆದು ಓಡಿದೆ. ಹಂದಿಯ ಮುಂದೆ ಓಡಬಾರದು, ಸೀಳಿಹಾಕುತ್ತದೆ ಎಂಬುದೆಲ್ಲ ಗೊತ್ತಿದ್ದದ್ದೇ. ಆ ಗಳಿಗೆಯಲ್ಲಿ ಯಾವುದೂ ನೆನಪಿಗೆ ಬರಲಿಲ್ಲ. ನನ್ನ ಗಂಟಲಿನಿಂದ ಹೊರಟದ್ದು, “ಓಯ್! ಓಗ್ಲಾ! ಬಂದೆ ತಡೀ!” ದೊಡ್ಡಪ್ಪನದೇ ರಾಗ, ಅವರದೇ ಎಳೆತ. ನಿಲ್ಲಿಸಲು ಬರಲಿಲ್ಲ, ಮತ್ತೆ ಮತ್ತೆ ಅದನ್ನೇ ಕೂಗಿದೆ. ಹಿಂದಿನಿಂದ ಅವ್ವ ಎಣ್ಣೆ ಡಬ್ಬ ಬಡಿಯುತ್ತಾ ಬಂದಳು. ಕತ್ತಲಲ್ಲಿ ಗುರ್ ಎಂದು ಏನೋ ತಿರುಗಿ, ಸೀರೆ ಬೇಲಿ ಎಳೆದುಕೊಂಡು ಬೆಟ್ಟಕ್ಕೆ ನುಗ್ಗಿತು. ಅದರ ಹಿಂದೆ ಇನ್ನೊಂದಷ್ಟು.

ಊರ ಕಡೆಯಿಂದ ದೊಡ್ಡಪ್ಪ ದೊಣ್ಣೆ, ಟಾರ್ಚು ಹಿಡಿದು ಓಡಿ ಬಂದರು. “ಯಾವನ್ಲಾ ನನ್ ಮೈಕ್ ಆನ್ ಮಾಡ್ದೋನು?”

ಮೈಕು ಗೋಣಿಯ ಕೆಳಗೇ ಇತ್ತು. ಅವರು ನನ್ನನ್ನು ನೋಡಿದರು. ಟಾರ್ಚಿನ ಬೆಳಕು ಬಿಡುತ್ತಾ ಬದುವಿನುದ್ದಕ್ಕೂ ನಡೆದರು. ಒಂದು ಕಡೆ ಬೆಳಕು ನಿಂತಿತು. ಐದಾರು ದಂಟು ಮುರಿದು ಬಿದ್ದಿದ್ದವು. ನಾವೆಲ್ಲರೂ ನೋಡಿದೆವು. ಅವ್ವನ ಕೈಯಲ್ಲಿ ಡಬ್ಬ ಹಾಗೇ ಇತ್ತು. ತೀರ್ಪು ಎಲ್ಲರಿಗೂ ಗೊತ್ತಿತ್ತು.

ದೊಡ್ಡಪ್ಪ ಮೂಲೆಗೆ ಹೋಗಿ ಗೋಣಿ ಎತ್ತಿದರು. ಕೈ ಗುಂಡಿಯ ಮೇಲೆ ಹೋಯಿತು. ಬೇಡ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಬೆಳಿಗ್ಗೆ ಪರೀಕ್ಷೆ. ಇನ್ನು ಬೆಳಗಿನ ತನಕ ಆ ಕೂಗು ಎಂದರೆ, ಓದಿದ್ದೆಲ್ಲ ತಲೆಯಲ್ಲಿ ಉಳಿಯುವುದಿಲ್ಲ.

ಅವರು ಅಟ್ಟಣೆಯ ಕಡೆ ತಲೆಯೆತ್ತಿದರು. “ಏನ್ಲಾ, ನೀನ್ಯಾಕ್ಲಾ ಕೂಗ್ಲಿಲ್ಲ? ಮಲ್ಗಿದ್ದಾ?”

ಅಪ್ಪ ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ. ಕತ್ತು ಹಿಡಿದುಕೊಂಡು ಮತ್ತೆ ಪ್ರಯತ್ನಪಟ್ಟ. ಅದನ್ನು ದೊಡ್ಡಪ್ಪ ಟಾರ್ಚಿನ ಬೆಳಕಿನಲ್ಲಿ ನೋಡುತ್ತಾ ನಿಂತರು.

ಗೋಣಿಯನ್ನು ಮತ್ತೆ ಮೈಕಿನ ಮೇಲೆ ಎಸೆದರು. “ಇಳೀಲಾ ಕೆಳಕ್ಕೆ. ಓಗು, ಬಿಸ್ನೀರು ಕುಡ್ಕಂಡು ಬಿದ್ಕೊ.”

ಅಪ್ಪ ಇಳಿದ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ಅರ್ಧಕ್ಕೆ ನಿಂತು, ತಿರುಗಿ ನೋಡದೆ ಹೇಳಿದರು: “ನಿನ್ ಮಗಳಿಗೋಸ್ಕರ ಅಲ್ಲ ಕಣ್ಲಾ. ಇದು ನನ್ ಜೋಳ.”

ಬೆಳಿಗ್ಗೆ ಮೊದಲ ಬಸ್ಸಿಗೆ ಹನೂರು, ಅಲ್ಲಿಂದ ಕೊಳ್ಳೇಗಾಲ. ಹಾಲಿನಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. “ಆಫ್ ಮಾಡಿ ಸಾ, ಬರೆಯಕ್ಕಾಗ್ತಿಲ್ಲ” ಎಂದು ಪಕ್ಕದವಳು ಎದ್ದು ನಿಂತಳು. ನನಗೆ ಅದೊಂದು ಸದ್ದು ಎಂದೇ ಅನ್ನಿಸಲಿಲ್ಲ. ಪ್ರತಿ ಉತ್ತರವನ್ನೂ ಬೆರಳಿಟ್ಟು ಮತ್ತೆ ಓದಿದೆ. ಬೇರೆ ಯಾರ ಮಾತೂ ಅದರೊಳಗೆ ನುಗ್ಗಿರಲಿಲ್ಲ.

ಸಂಜೆ ಊರಲ್ಲಿ ಬಸ್ಸಿಳಿಯುವಾಗಲೇ ಮೈಕುಗಳು ಶುರುವಾಗಿದ್ದವು. ನಾನು ಮನೆ ಸೇರುವ ತನಕವೂ ದೊಡ್ಡಪ್ಪ ಕಾದಿರಲಿಲ್ಲ. ತಪ್ಪೇನಿಲ್ಲ. ತೀರ್ಪು ಇದ್ದದ್ದು ಪರೀಕ್ಷೆ ಮುಗಿಯುವ ತನಕ.

ಫಲಿತಾಂಶ ಬಂತು. ರ‍್ಯಾಂಕೇನೂ ಅಲ್ಲ, ದಡ ಮುಟ್ಟುವಷ್ಟು. ಆದರೂ ಹೇಳುತ್ತೇನೆ: ನಮ್ಮ ವಂಶದಲ್ಲಿ ಗಂಡಾಗಲಿ ಹೆಣ್ಣಾಗಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೆಸರಿನ ಮುಂದೆ ಬಿ.ಎ. ಎಂದು ಬರೆಯಬೇಕಾದ ಕಡೆಯೂ ಬರೆಯುತ್ತೇನೆ, ಬರೆಯಬೇಕಿಲ್ಲದ ಕಡೆಯೂ ಬರೆಯುತ್ತೇನೆ.

ಸರ್ಟಿಫಿಕೇಟು ಬಂದಿದೆಯೆಂದು ಕಾಲೇಜಿನಿಂದ ಫೋನ್ ಬಂದಾಗ ಅವ್ವನನ್ನೂ ಕರೆದುಕೊಂಡು ಹೋದೆ. ಗುಮಾಸ್ತರು ಸಹಿ ಹಾಕಿಸಿಕೊಂಡು ಕಿಟಕಿಯಿಂದ ಕೊಟ್ಟರು. ನಾನು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಮುದ್ರೆಯ ಮೇಲೆ ಒಮ್ಮೆ ಕೈಯಾಡಿಸಿ, ತಕ್ಷಣವೇ ನನಗೆ ವಾಪಸು ಕೊಟ್ಟಳು.

“ಗೆದ್ದಲು ಮುಟ್ದಂಗೆ ಮೇಲ್ಗಡೆ ಮಡಗು” ಎಂದಳು. “ಬರೋ ವರ್ಷ ನಿನ್ ತಂಗಿ ಪರೀಕ್ಷೆ ಬತ್ತದೆ. ಯಜಮಾನ್ರ ಮುಂದೆ ಇದ್ನ ಇಟ್ಟೇ ಮಾತಾಡ್ಬೇಕು.”