ಮಲಗುವ ಮುಂಚಿನ ಜೇನು

೧೯೯೭ರ ಫೆಬ್ರವರಿ, ಒಂದು ಮಂಗಳವಾರ, ಬೆಳಗ್ಗೆ ಏಳು ಗಂಟೆ. ಆಲ್ದೂರಿನ ಹತ್ತಿರದ ನಮ್ಮ ಮನೆಯ ಹಿತ್ತಲಿನಲ್ಲಿ ಇದ್ದವರು ಮೂವರು: ನಾನು, ನಾಲ್ಕು ವರ್ಷದ ಮೊಮ್ಮಗಳು, ಎಳೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ನನ್ನ ಅತ್ತೆ. ಮಗ ಸೊಸೆ ಇಬ್ಬರಿಗೂ ಮೂಡಿಗೆರೆಯಲ್ಲಿ ಕೆಲಸ. ವಾರದ ದಿನಗಳಲ್ಲಿ ಮಗು ನಮ್ಮ ಬಳಿಯೇ ಇರುತ್ತಿತ್ತು.

ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು. ಮೊಮ್ಮಗಳ ಹಲ್ಲಿಗೂ ವೇಳೆ ಗೊತ್ತುಮಾಡಿದ್ದೆ. ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ. ಚಾಕಲೇಟು ಭಾನುವಾರ ಮಾತ್ರ. ಹೀಗಿದ್ದೂ ಆ ದಿನ ತುಟಿ ಎತ್ತಿ ಉಜ್ಜುವಾಗ ಮೇಲಿನ ಎರಡು ಮುಂಬಲ್ಲುಗಳಲ್ಲಿ, ಒಸಡಿನ ಅಂಚಿಗೆ, ಬಿಳಿ ಗೆರೆ ಕಂಡಿತು. ಹಲ್ಲಿನ ಬಿಳುಪಲ್ಲ, ಗೋಡೆಗೆ ಬಳಿದ ಸುಣ್ಣದ ಬಿಳುಪು. ಬೆರಳಿನಿಂದ ತಿಕ್ಕಿದೆ. ಹೋಗಲಿಲ್ಲ.

“ಹಾಲಿನ ಕೆನೆ ಇರ್ಬೇಕು ಬಿಡೇ,” ಎಂದರು ಅತ್ತೆ.

“ಕೆನೆಯಾದ್ರೆ ತಿಕ್ಕಿದ್ರೆ ಹೋಗ್ಬೇಕಲ್ಲ ಅತ್ತೆ.”

“ಹಾಲುಹಲ್ಲು ಮಾರಾಯ್ತಿ. ಹೇಗಿದ್ರೂ ಬೀಳೋದೇ. ಬೀಳೋ ಹಲ್ಲು ತೋರ್ಸೋಕೆ ಯಾರಾದ್ರೂ ಬಸ್ಸು ಹತ್ತುತ್ತಾರಾ?”

ಅತ್ತೆಗೆ ಆಗ ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿತ್ತು. ಅಡುಗೆಮನೆ, ಉಗ್ರಾಣದ ಬೀಗದ ಕೈ, ಹಟ್ಟಿಯ ಹಾಲು, ಒಂದೊಂದಾಗಿ ಎಲ್ಲವೂ ನನ್ನ ಕೈಗೆ ಬಂದಿದ್ದವು. ಅವರಿಗೆ ಉಳಿದಿದ್ದು ಒಂದೇ ಕೆಲಸ. ರಾತ್ರಿ ಎಂಟಕ್ಕೆ ಮಗು ಅವರ ಮಂಚ ಹತ್ತುತ್ತಿತ್ತು. ಅವರು ತಲೆದೆಸೆಯ ಸ್ಟೂಲಿನ ಮೇಲಿದ್ದ ಜೇನಿನ ಬಾಟ್ಲಿ ತಡವಿ ತೆಗೆದು, ಅಂಗೈಯಲ್ಲಿ ಚಿಟಿಕೆ ಕಾಳುಮೆಣಸಿನ ಪುಡಿ ಕಲಸಿ, ಬೆರಳಿನಿಂದ ನೆಕ್ಕಿಸುತ್ತಿದ್ದರು. ಕೆಮ್ಮಿದ್ದರೆ ಕೆಮ್ಮಿಗೆ, ಇಲ್ಲದಿದ್ದರೆ ಕೆಮ್ಮು ಬಾರದಿರಲೆಂದು. ಜೊತೆಗೊಂದು ಒಗಟು. ಉತ್ತರ ತಪ್ಪಾದರೆ ಸಮಾಧಾನಕ್ಕೆ ಇನ್ನೊಂದು ಬೆರಳು ಜೇನು. ಮಗು ಬೇಕೆಂದೇ ತಪ್ಪು ಹೇಳುತ್ತಿತ್ತು, ಅದು ಗೊತ್ತಿದ್ದೇ ಅವರು ಬೆರಳು ಅದ್ದುತ್ತಿದ್ದರು.

ಬಸ್ಸು ಹತ್ತಿದೆವು. ಚಿಕ್ಕಮಗಳೂರಿನ ದಂತವೈದ್ಯರು ಚಿಕ್ಕ ಪ್ರಾಯದವರು. ಹಲ್ಲಿನ ಮೇಲೆ ಗಾಳಿ ಊದಿ ಒಣಗಿಸಿದರು. ಗೆರೆ ಇನ್ನಷ್ಟು ಎದ್ದು ಕಂಡಿತು.

“ಸರಿಯಾದ ಹೊತ್ತಿಗೆ ಬಂದ್ರಿ. ಇದು ಹುಳುಕಿನ ಮೊದಲ ಹಂತ, ಇನ್ನೂ ತೂತಾಗಿಲ್ಲ. ಸಿಹಿ ತಿಂದಾಗ ಬಾಯಲ್ಲಿ ಹುಳಿ ಹುಟ್ಟಿ ಹಲ್ಲಿನ ಸತ್ವ ಎಳೀತದೆ. ಬಿಡುವು ಕೊಟ್ರೆ ಜೊಲ್ಲೇ ಅದನ್ನ ವಾಪಸ್ ತುಂಬಿಸ್ತದೆ. ತೂತಾದ್ಮೇಲೆ ಮಾತ್ರ ತಾನಾಗಿ ತುಂಬಲ್ಲ.”

“ಬೀಳೋ ಹಲ್ಲಲ್ವಾ, ಡಾಕ್ಟ್ರೇ?”

“ಬೀಳೋದಕ್ಕೆ ಇನ್ನೂ ಎರಡು ಮೂರು ವರ್ಷ ಇದೆಯಮ್ಮ. ಅಲ್ಲೀವರೆಗೆ ನೋವು ತಿನ್ನೋರು ಯಾರು?” ಹಲ್ಲಿಗೆ ಏನೋ ಔಷಧಿ ಹಚ್ಚುತ್ತಾ ಕೇಳಿದರು, “ರಾತ್ರಿ ಹಲ್ಲುಜ್ಜಿದ್ಮೇಲೆ ಏನಾದ್ರೂ ಕೊಡ್ತೀರಾ?”

“ನೀರು ಬಿಟ್ಟು ಏನೂ ಇಲ್ಲ,” ಎಂದೆ ಹೆಮ್ಮೆಯಿಂದ.

“ದೊಡ್ಡಜ್ಜಿ ಜೇನು ಕೊಡ್ತಾರೆ,” ಎಂದಿತು ಮಗು.

“ಅದು ಔಷಧಿ,” ಎಂದೆ.

ವೈದ್ಯರು ನಕ್ಕರು. “ಹಲ್ಲಿಗೆ ಅದು ಗೊತ್ತಾಗಲ್ಲಮ್ಮ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಜೇನು ರಾತ್ರಿಯಿಡೀ ಅಲ್ಲೇ ಅಂಟಿರ್ತದೆ. ಮಲಗೋವಾಗಿನ ಜೇನು ಬೇಡ. ಫ್ಲೋರೈಡ್ ಇರೋ ಪೇಸ್ಟು, ಬಟಾಣಿ ಕಾಳಿನಷ್ಟು ಸಾಕು. ನೀವೇ ನಿಂತು ಉಜ್ಜಿಸಿ, ಉಗುಳಿಸಿ.”

ಹಲ್ಲು ಉಳಿಯಿತು. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಮಳೆಗಾಲ ಕಳೆಯುವಷ್ಟರಲ್ಲಿ ಸುಣ್ಣದ ಬಿಳುಪು ಇಳಿದು ಗೆರೆಗೆ ಹೊಳಪು ಬಂದಿತ್ತು. ಆಗ ಎರಡನೆಯ ಸಲ ತೋರಿಸಲು ಹೋದಾಗ ಅತ್ತೆಯ ಜೇನಿನ ಮಾತು ಬಂತು. “ಅಯ್ಯೋ, ಊಟದ ಜೊತೇಲೇ ಒಂಚೂರು ಕೊಟ್ಟು ಆಮೇಲೆ ಹಲ್ಲುಜ್ಜಿಸಿದ್ರೆ ಆಗ್ತಿತ್ತಲ್ಲಮ್ಮ,” ಎಂದರು ವೈದ್ಯರು. ಅಂದು ಸಂಜೆಯೇ, ಎತ್ತಿಟ್ಟಿದ್ದ ಬಾಟ್ಲಿ ಇಳಿಸಿಕೊಂಡು ಅತ್ತೆಯ ಹತ್ತಿರ ಹೋದೆ. ಆದರೆ ಮಗುವಿಗೆ ಮಂಚ ಹತ್ತುವ ರೂಢಿ ತಪ್ಪಿತ್ತು. ಅತ್ತೆಗೂ ಒಗಟುಗಳು ಅರ್ಧರ್ಧ ಮರೆತುಹೋಗಿದ್ದವು. “ಈಗೆಂತಕ್ಕೆ, ಬಿಡು,” ಎಂದರು. ಮುಂದಿನ ವರ್ಷ ಕಾಫಿ ಹೂ ಬಿಡುವಾಗ ಅವರಿರಲಿಲ್ಲ. ವೇಳೆ ಬದಲಿಸಿದ್ದರೆ ಸಾಕಿತ್ತು. ವೇಳೆಯ ವಿಷಯದಲ್ಲಿ ನನಗಿಂತ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ.

ಆ ಮಂಗಳವಾರ ನಾವು ಮನೆ ಸೇರಿದಾಗ ಆಳುಗಳು ಕಣದಲ್ಲಿ ಸಿಪ್ಪೆ ಬಿಡಿಸಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯನ್ನು ಗುಡ್ಡೆ ಮಾಡಿ ಮುಚ್ಚುತ್ತಿದ್ದರು. ಕೈಕಾಲು ತೊಳೆದು ನೇರ ಅತ್ತೆಯ ಕೋಣೆಗೆ ಹೋಗಿ ವಿಷಯ ಹೇಳಿದೆ.

“ಆರು ಮಕ್ಕಳಿಗೆ ನೆಕ್ಸಿದೀನಿ ಇದೇ ಬೆರಳಲ್ಲಿ. ಯಾರ ಹಲ್ಲು ಹಾಳಾಯ್ತು?”

“ನಿಮ್ಮ ದೊಡ್ಡ ಮಗನ ಹಲ್ಲು ರಾತ್ರಿ ಲೋಟದಲ್ಲಿ ಮಲಗ್ತದಲ್ಲ ಅತ್ತೆ.”

ನನ್ನ ಗಂಡನ ಕಟ್ಟಿಸಿದ ಹಲ್ಲಿನ ಮಾತು ಅದು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು. “ಮಗೂಗೆ ನೋವಾಗೋದಾದ್ರೆ ಬೇಡ,” ಎಂದರು.

ಎಂಟು ಗಂಟೆಗೆ ಹಲ್ಲುಜ್ಜಿಸಿ ಬಿಟ್ಟೆ. ಮಗು ಎಂದಿನಂತೆ ಮಂಚ ಹತ್ತಿ ಬಾಯಿ ತೆರೆದು ಕುಳಿತಿತು.

“ಇವತ್ತು ಅಂಗಡಿ ಬಾಗ್ಲು ಹಾಕಿದೆ ಪುಟ್ಟಿ,” ಎಂದರು ಅತ್ತೆ. “ಎಲ್ಲಿ, ಆ ಗೆರೆ ತೋರ್ಸು.” ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಗು ಅಭ್ಯಾಸಬಲದಿಂದ ಬೆರಳನ್ನು ನೆಕ್ಕಿತು.

“ಸಪ್ಪೆ,” ಎಂದು ಮಂಚದಿಂದ ಇಳಿದು ಹೋಯಿತು.

ಒಗಟು ಬಾಯಲ್ಲೇ ಉಳಿಯಿತು. ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. “ಬಾಟ್ಲಿ ತಗೊಂಡ್ಹೋಗು. ಸುಮ್ನೆ ಇರುವೆ ಹತ್ತುತ್ತೆ.”

ಬಾಟ್ಲಿಯ ಮುಚ್ಚಳ ಬಿಗಿಮಾಡಿ ಉಗ್ರಾಣದ ಮೇಲಿನ ಹಲಗೆಗೆ ಏರಿಸಿದೆ. ಮೆಣಸಿನ ಪುಡಿಯ ಡಬ್ಬಿ ಅಡುಗೆಮನೆಗೆ ಹೋಯಿತು. ಸ್ಟೂಲಿನ ಮೇಲೆ ಬಾಟ್ಲಿಯ ತಳದಷ್ಟು ಅಗಲದ ಅಂಟು ಉಂಗುರ ಉಳಿದಿತ್ತು. ಬಿಸಿನೀರಿನ ಬಟ್ಟೆಯಿಂದ ಅದನ್ನು ಕಲೆ ಉಳಿಯದಂತೆ ಒರೆಸಿ, ಬಟ್ಟೆ ಹಿಂಡಿ ಒಣಹಾಕಿದೆ.