ಬೋಳಗುಡ್ಡಕ್ಕೆ ಹಿಮ್ಮುಖ ಪ್ರದಕ್ಷಿಣೆ

ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುತ್ತಲೇ ತಲೆ ಹಣ್ಣು ಮಾಡಿಕೊಂಡ ತ್ರ್ಯಂಬಕರಾಯರು, ನಿವೃತ್ತರಾದ ವರ್ಷವೇ ವಿಶ್ವವಿದ್ಯಾಲಯಕ್ಕೆ ಹೋಗಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಹೆಸರು ಹಚ್ಚಿದರು. ಹರೆಯದಲ್ಲಿ ಅದೇ ವಿಷಯದಲ್ಲಿ ಬಿ.ಎಸ್ಸಿ. ಮುಗಿಸಿದ್ದರು. ಆಮೇಲೆ ನೌಕರಿ ಸಿಕ್ಕಿತು, ಕಲ್ಲು ಹಿಂದುಳಿದವು.

"ಇಷ್ಟ ದಿವಸ ತೂಕ ನೋಡಿದ್ದಾತು. ಇನ್ನ ಕಲ್ಲಿನ ವಾಲು ನೋಡಬೇಕು," ಎಂದರು ಹೆಂಡತಿ ನರ್ಮದಾಬಾಯಿಗೆ.

"ವಾಲಿದ್ದು ನೋಡಲಿಕ್ಕೆ ಅಷ್ಟ ದೂರ ಯಾಕ ಹೋಗಬೇಕು? ನಮ್ಮ ಹಿತ್ತಲ ಗೋಡಿ ಕಣ್ಣಿಗೆ ಬಿದ್ದಿಲ್ಲೇನು?"

ರಾಯರು ಮೊದಲ ಸೆಮಿಸ್ಟರಿನಲ್ಲೇ ಆ ಗೋಡೆಗೆ ಕ್ಲೈನೋಮೀಟರ್ ಹಚ್ಚಿ, ಅದು ಎಷ್ಟು ಡಿಗ್ರಿ ವಾಲಿದೆ, ಯಾವ ದಿಕ್ಕಿಗೆ ಬೀಳಲಿದೆ ಎಂಬುದನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆಯೇ ಬರೆದರು. ಗೋಡೆ ರಿಪೇರಿಯಾಗಲಿಲ್ಲ. ಆದರೆ ಬೀಳುವ ದಿಕ್ಕು ಗೊತ್ತಾದ್ದರಿಂದ ನರ್ಮದಾಬಾಯಿ ಬಟ್ಟೆ ಒಣಹಾಕುವ ಹಗ್ಗವನ್ನು ಇನ್ನೊಂದು ಮಗ್ಗುಲಿಗೆ ಕಟ್ಟಿಕೊಂಡರು.

ಖನಿಜಗಳ ಪೇಪರು ಪಾಸಾಯಿತು. ಪಳೆಯುಳಿಕೆಯದೂ ಪಾಸಾಯಿತು. ಪದರುಗಲ್ಲುಗಳು ಹೇಗೆ ಬಾಗುತ್ತವೆ, ಮಡಚುತ್ತವೆ, ಸೀಳುತ್ತವೆ ಎಂದು ಕಲಿಸುವ ಸಂರಚನಾ ಭೂವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯೊಂದು ಮಾತ್ರ ಅವರನ್ನು ಹಿಡಿದು ಕೂತಿತು. ಎರಡು ಸಲ ನಪಾಸಾದರು. ಕೋರ್ಸಿಗೆ ಕೊಟ್ಟ ಅವಧಿ ಈ ಬೇಸಿಗೆಗೆ ಮುಗಿಯುತ್ತಿತ್ತು. ಈ ಸಲವೂ ದಾಟದಿದ್ದರೆ, ಪಾಸಾದ ಪೇಪರುಗಳೆಲ್ಲ ಇದರ ಜೊತೆಗೇ ನೀರಿಗೆ ಹೋಗುತ್ತಿದ್ದವು.

ಇದಕ್ಕೆ ಕಾರಣ ದಡ್ಡತನವಲ್ಲ. ರಾಯರದು ಪೂಜೆ ಪುರಾಣದ ಮನೆತನ. ಮಧ್ಯದಲ್ಲಿ ಏನೇ ಇರಲಿ, ಅದನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತಬೇಕೆಂಬುದು ಅವರ ಕಾಲುಗಳಿಗೆ ಬಾಲ್ಯದಲ್ಲೇ ಬಂದ ವಿದ್ಯೆ. ತುಳಸಿಕಟ್ಟೆ ಸರಿ, ಬೈಲಹೊಂಗಲ ಬಸ್ ನಿಲ್ದಾಣದ ಕಸದ ಡಬ್ಬಿಯನ್ನೂ ಅವರು ಬಲಕ್ಕಿಟ್ಟುಕೊಂಡೇ ದಾಟುತ್ತಿದ್ದರು. ಮನೆಯಲ್ಲಿ ಬಾಟಲಿಯ ಮುಚ್ಚಳ ಹಾಕುವ ಕೆಲಸ ಅವರದು, ತೆಗೆಯುವುದು ನರ್ಮದಾಬಾಯಿಯದು. ಎಡಕ್ಕೆ ತಿರುಗಿಸುವುದು ಅವರ ಮಣಿಕಟ್ಟಿಗೆ ಒಗ್ಗಿರಲಿಲ್ಲ.

ಪ್ರಯೋಗಾಲಯದಲ್ಲಿ ಇದು ಬಯಲಾಯಿತು. ಅಲ್ಲಿ ವೃತ್ತಾಕಾರದ ಒಂದು ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ನಡುವೆ ಗುಂಡುಪಿನ್ನು ಚುಚ್ಚಿ, ಕಾಗದವನ್ನು ಆಚೀಚೆ ತಿರುಗಿಸುತ್ತ ಪದರುಗಳ ಓರೆ ಗುರುತಿಸಬೇಕು. ಎಡಕ್ಕೆ ಹತ್ತು ಡಿಗ್ರಿ ತಿರುಗಿಸಬೇಕಾದಾಗ ರಾಯರು ಬಲಕ್ಕೆ ಮುನ್ನೂರ ಐವತ್ತು ಡಿಗ್ರಿ ತಿರುಗಿಸುತ್ತಿದ್ದರು. ಪಿನ್ನಿನ ತೂತು ಅಗಲವಾಗಿ ಕಾಗದ ಕೈಗೆ ಬರುತ್ತಿತ್ತು.

"ಕಾಕಾ, ಎಡಕ್ಕ ಒಂಚೂರು ಸರಸ್ರಿ, ಮುಗೀತು!" ಎಂದು ಪಕ್ಕದ ಬೆಂಚಿನ ಗುರುನಾಥ ತಲೆ ಚಚ್ಚಿಕೊಳ್ಳುತ್ತಿದ್ದ. ಸಂಗೊಳ್ಳಿಯಿಂದ ಬರುತ್ತಿದ್ದ ಆ ಹುಡುಗನಿಗೆ ರಾಯರೆಂದರೆ ಅಕ್ಕರೆ, ಅವರ ಬುತ್ತಿಯೆಂದರೆ ಇನ್ನಷ್ಟು.

"ಬರ್ತದ ತಡಿಯೋ. ಸುತ್ತಿಕೊಂಡು ಬರ್ಲಿಕ್ಕೆ ಹತ್ತೇದ."

"ನಿಮ್ಮ ಕಾಗದ ಕಾಶಿಗೆ ಹೋಗಿ ಬರೂದ್ರಾಗ ನಮ್ಮ ಪರೀಕ್ಷಾ ಮುಗೀತೈತಿ."

ಪಾಠ ಹೇಳುವವರು ರಾಮದುರ್ಗದ ಬೌದ್ಧ ಮನೆತನದ ಸಂಘಮಿತ್ರಾ ಮೇಡಂ. ರಾಯರ ಮಗಳ ವಯಸ್ಸಿನವರು, ಸಿಟ್ಟು ಕಡಿಮೆ, ಸುಣ್ಣದ ಕಡ್ಡಿ ಹಿಡಿದರೆ ಬೋರ್ಡಿನ ಮೇಲೆ ಬೆಟ್ಟ ಎಬ್ಬಿಸುವವರು. ಒಂದು ದಿನ ಅವರು ಹೇಳಿದರು: "ಪದರು ಯಾವ ಕಡೆ ಇಳಿಜಾರ ಐತೋ ಆ ಕಡೆ ನಿಮ್ಮ ಬಲಗೈ ಬರೂಹಂಗ ನಿಂದರ್ರಿ. ಆಗ ನಿಮ್ಮ ಮುಖ ಯಾವ ದಿಕ್ಕಿಗೆ ಐತಿ, ಅದನ್ನ ಬರೀರಿ. ನಮ್ಮ ವಿಭಾಗದಾಗ ಇದೊಂದ ಪದ್ಧತಿ."

ರಾಯರು ಕುರ್ಚಿಯಲ್ಲಿ ನೆಟ್ಟಗಾದರು. ಬಲಕ್ಕೆ ಇರಬೇಕು! ಇದನ್ನು ತಮ್ಮ ಮನೆಯಲ್ಲಿ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರಲ್ಲ! ಆ ಸಂತೋಷದಲ್ಲಿ, ಬಲಕ್ಕೆ ಇರಬೇಕಾದದ್ದು ಇಳಿಜಾರು, ಗುಡ್ಡವಲ್ಲ ಎಂಬುದು ಅವರ ಕಿವಿಯ ಬಾಗಿಲಲ್ಲೇ ಉಳಿಯಿತು.

ಮುನವಳ್ಳಿಯ ಆಚೆಗಿನ ಬೋಳಗುಡ್ಡದಲ್ಲಿ ಪರೀಕ್ಷೆಯ ನಕಾಶೆ ಮಾಡಬೇಕಾಗಿತ್ತು. ನೆತ್ತಿಯ ಮೇಲೆ ಪುಟ್ಟ ಹನುಮಪ್ಪನ ಗುಡಿ, ಸುತ್ತಲೂ ಹೊರಮುಖವಾಗಿ ಇಳಿಯುವ ಕೆಂಪು ಪದರುಗಲ್ಲು. ಕವುಚಿ ಡಬ್ಬು ಹಾಕಿದ ಬೋಗುಣಿಯಂಥ ರಚನೆ. ರಾಯರು ಎರಡು ವರ್ಷವೂ ಗುಡಿಯನ್ನು ಬಲಕ್ಕಿಟ್ಟುಕೊಂಡು ಭಕ್ತಿಯಿಂದ ಸುತ್ತಿದರು, ಸುತ್ತುತ್ತ ನಿಂತಲ್ಲೆಲ್ಲ ತಮ್ಮ ಮುಖದ ದಿಕ್ಕು ಬರೆದರು. ಪ್ರಯೋಗಾಲಯಕ್ಕೆ ಬಂದು ಆ ದಿಕ್ಕುಗಳಿಗೆ ಬಲಗಡೆ ಇಳಿಜಾರಿನ ಗೀಟು ಹಾಕಿದಾಗ ಗೀಟುಗಳೆಲ್ಲ ಒಳಮುಖವಾದವು. ಡಬ್ಬು ಬಿದ್ದಿದ್ದ ಬೋಗುಣಿ ಎರಡೂ ಸಲ ಅಂಗಾತವಾಗಿ ಕೂತಿತು.

ಎರಡನೆಯ ಸಲ ಮೇಡಂ ನಕಾಶೆಯನ್ನೂ ರಾಯರನ್ನೂ ಬಹಳ ಹೊತ್ತು ನೋಡಿದರು. "ರಾಯರ, ನೀವು ಗುಡ್ಡ ಅಳದಿಲ್ಲ. ಪ್ರದಕ್ಷಿಣಿ ಹಾಕೀರಿ."

ರಾಯರು ತಲೆ ತಗ್ಗಿಸಿದರು. "ಮ್ಯಾಲೆ ಹನುಮಪ್ಪ ಇದ್ದಾನಲ್ರೀ."

"ನಮ್ಮವ್ವನೂ ಸ್ತೂಪಕ್ಕ ಬಲಕ್ಕೇ ಸುತ್ತತಾಳ್ರಿ. ಆದ್ರ ಕಂಪಾಸ ಹಿಡಕೊಂಡ ಸುತ್ತೂದಿಲ್ಲ. ಮುಂದಿನ ಸಲ ಎಡಕ್ಕ ಸುತ್ರಿ, ಇಷ್ಟ. ನಾನೂ ಅಲ್ಲೇ ಬಂದ ನೋಡತೇನಿ."

ಇಷ್ಟೇ. ಆದರೆ ಈ ಇಷ್ಟನ್ನು ಅವರ ಕಾಲಿಗೆ ಹೇಳುವವರು ಯಾರು? ವರ್ಷವಿಡೀ ಅವರು ಹಿತ್ತಲಲ್ಲಿ ಬಕೆಟ್ಟು ಇಟ್ಟು ಅದನ್ನು ಎಡಕ್ಕಿಟ್ಟುಕೊಂಡು ಸುತ್ತುವ ಅಭ್ಯಾಸ ಮಾಡಿದರು. ಕಾಲು ಭಾಗ ಸುತ್ತುವಷ್ಟರಲ್ಲೇ ಹೆದರಿ ನಿಂತುಬಿಡುತ್ತಿದ್ದರು. "ಬರೇ ಬಕೆಟ್ಟದರೀ ಅದು," ಎಂದು ನರ್ಮದಾಬಾಯಿ ಕಟ್ಟೆಯ ಮೇಲಿಂದ ಧೈರ್ಯ ಹೇಳಿದರು. "ಹೌದು. ಆದ್ರ ಅದರೊಳಗ ನೀರ ಅದ, ನೀರೂ ದೇವರ," ಎಂದರು ರಾಯರು. ನರ್ಮದಾಬಾಯಿ ನೀರು ಚೆಲ್ಲಿದರು. ಖಾಲಿ ಬಕೆಟ್ಟಿಗೂ ಆಗಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಜೊತೆಗೆ ಗುರುನಾಥನಿದ್ದ. ಪಾಸಾಗಿ ಬೇರೆಡೆ ಕೆಲಸಕ್ಕೆ ಸೇರಿದ್ದರೂ ರಜೆ ಹಾಕಿ ಬಂದಿದ್ದ. ರಾಯರು ಗುಡ್ಡದ ಬುಡದಲ್ಲಿ ನಿಂತು ಎಡಗಾಲು ಎತ್ತಿದರು, ಇಳಿಸಿದರು. ಬಿಸಿಲೇರಿತು.

"ಹಿಂಗ ಮಾಡ್ರಿ," ಎಂದ ಗುರುನಾಥ. "ಬಲಕ್ಕ ಸುತ್ರಿ. ಕಲ್ಲು ಬಂದಲ್ಲೆ ಹೊಳ್ಳಿ ನಿಂತ ಅಳೀರಿ, ಮತ್ತ ಹೊಳ್ಳಿ ನಡೀರಿ."

ಆಗಬಹುದೆನಿಸಿತು. ಆದರೆ ಹೊರಳಿ ನಿಂತು ಅಳೆದ ಮೇಲೆ ಯಾವ ಕಡೆಯಿಂದ ಬಂದೆ ಎಂಬುದು ರಾಯರಿಗೆ ನೆನಪುಳಿಯಲಿಲ್ಲ. ಒಂದೇ ಬಂಡೆಯನ್ನು ಮೂರು ಸಲ ಅಳೆದು, ಮೂರು ಬಂಡೆಯೆಂದು ಬರೆದರು.

"ಹಂಗಾದ್ರ ಹೊಳ್ಳೂದ ಬ್ಯಾಡ. ಹಿಂದಕ್ಕ ನಡಕೋತ ಸುತ್ರಿ!" ಎಂದು ಗುರುನಾಥ ಬೇಸತ್ತು ನಗೆಯಾಡಿದ.

ರಾಯರು ನಗಲಿಲ್ಲ. ಗಾಳಿಯಲ್ಲಿ ಬೆರಳಿನಿಂದ ಒಂದು ವೃತ್ತ ಬರೆದರು. ಹಿಂದಕ್ಕೆ ನಡೆದರೆ ಸುತ್ತುವುದು ಪ್ರದಕ್ಷಿಣೆಯಾಗಿಯೇ. ಮುಖ ಮಾತ್ರ ತಿರುವುಮುರುವು, ಬಲಗೈ ಇಳಿಜಾರಿನ ಕಡೆಗೆ. ಹನುಮಪ್ಪನಿಗೂ ಮೋಸವಿಲ್ಲ, ಮೇಡಮ್ಮಿಗೂ ಇಲ್ಲ. ಅವರು ಕಂಪಾಸು ತೆಗೆದು, ಧೋತರದ ಚುಂಗು ಸಿಕ್ಕಿಸಿ, ಬೆನ್ನು ಮುಂದು ಮಾಡಿ ಹೊರಟೇಬಿಟ್ಟರು.

ಆಡು ಮೇಯಿಸುತ್ತಿದ್ದ ಮರೆವ್ವ ಎಂಬ ಮುದುಕಿ ಕೋಲೂರಿ ನೋಡಿದಳು. "ಯಪ್ಪಾ, ಇದ್ಯಾವ ಹರಕೀನೋ?"

"ಎಂ.ಎಸ್ಸಿ. ಹರಕಿ ಆಯಿ," ಎಂದ ಗುರುನಾಥ.

"ಭಾಳ ಕಟ್ಟಾ ಇದ್ದಂಗೈತಿ. ನನಗ ಮಣಕಾಲ ಬ್ಯಾನಿ, ಇದರಿಂದ ಹೋದೀತೇನು?" ಎಂದು ಉತ್ತರಕ್ಕೆ ಕಾಯದೆ ಅವಳೂ ತಿರುಗಿ, ರಾಯರ ಹಾದಿಯಲ್ಲೇ ಹಿಂದಕ್ಕೆ ಹೆಜ್ಜೆಯಿಟ್ಟಳು. ಆಡುಗಳು ಮಾತ್ರ ಮುಂದಕ್ಕೇ ನಡೆದವು, ಅವಕ್ಕೆ ಪರೀಕ್ಷೆಯಿರಲಿಲ್ಲ.

ಹಿಂದಕ್ಕೆ ನಡೆಯುವವನಿಗೆ ಗುಡ್ಡ ಬೇರೆಯಾಗಿಯೇ ಕಾಣುತ್ತದೆ. ಬರಲಿರುವುದು ತಿಳಿಯದು, ಬಿಟ್ಟು ಬಂದದ್ದೆಲ್ಲ ಕಣ್ಣೆದುರು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಕೆಂಪು ಪದರುಗಳು ಒಂದರ ಮೇಲೊಂದು ಹಾಸಿದ ಕೌದಿಗಳಂತೆ, ಬಲಗೈಯ ಕೆಳಗೆ, ದೂರದ ಜಲಾಶಯದ ಬೆಳಕಿನತ್ತ ಜಾರುತ್ತಿದ್ದವು. ಎರಡು ವರ್ಷ ಇದೇ ಗುಡ್ಡ ಸುತ್ತಿದ್ದರೂ ರಾಯರು ಈ ಜಾರು ನೋಡಿರಲಿಲ್ಲ. ಆಗ ಕಣ್ಣು ನೆತ್ತಿಯ ಗುಡಿಯ ಮೇಲಿತ್ತು.

ಮುಕ್ಕಾಲು ಸುತ್ತಿಗೆ ಬಂದಾಗ ಬೆನ್ನಿಗೆ ಏನೋ ಡಿಕ್ಕಿ ಹೊಡೆಯಿತು. "ಅಯ್ಯ!" ಎಂದಿತು ಅದು.

ಸಂಘಮಿತ್ರಾ ಮೇಡಂ. ಎಡಸುತ್ತಿನಲ್ಲಿ ಸಿಗುವರೆಂದು ರಾಯರನ್ನು ಹುಡುಕಿ, ಕಾಣದೆ, ತಾವೇ ಎಡಕ್ಕೆ ಸುತ್ತುತ್ತ ಒಂದೊಂದು ಬಂಡೆ ಅಳೆಯುತ್ತ ಬಂದಿದ್ದರು. ಈಗ ರಾಯರ ಬೆನ್ನು, ಮೇಡಮ್ಮಿನ ಎದುರು. ಆದರೆ ಇಬ್ಬರ ಮುಖವೂ ಒಂದೇ ದಿಕ್ಕಿಗಿತ್ತು.

"ಏನ್ರೀ ಇದು, ರಾಯರ?"

"ಅಳೀಲಿಕ್ಕೆ ಹತ್ತೀನ್ರೀ."

ಕಾಲಡಿಯ ಬಂಡೆಗೆ ಇಬ್ಬರೂ ಕಂಪಾಸು ಹಚ್ಚಿದರು. ಮೇಡಂ ತಮ್ಮ ಅಂಕಿ ಓದಿದರು. ರಾಯರು ತಮ್ಮದನ್ನು ಓದಿದರು. ಒಂದೇ ಇತ್ತು. ಮೇಡಂ ಬರೆದುಕೊಂಡದ್ದನ್ನು ತಿರುವಿ, ರಾಯರ ನಕಾಶೆಯ ಗೀಟುಗಳನ್ನು ನೋಡಿದರು. ಗೀಟುಗಳೆಲ್ಲ ಹೊರಮುಖ. ಬೋಗುಣಿ ಡಬ್ಬು ಬಿದ್ದಿತ್ತು.

"ಪದ್ಧತಿದಾಗ ಮುಖ ಹೆಂಗಿರಬೇಕು ಅಂತ ಬರದೈತಿ. ಕಾಲು ಯಾವ ಕಡೆ ಹೋಗಬೇಕಂತ ಎಲ್ಲೂ ಬರದಿಲ್ಲ," ಎಂದು ಮೇಡಂ ತಮಗೇ ಹೇಳಿಕೊಂಡು ಪೆನ್ನು ತೆಗೆದು ನಕಾಶೆಯ ಮೂಲೆಗೆ ಸಹಿ ಹಾಕಿದರು. "ಮುಗೀತ್ರಿ. ಪಾಸಾದ್ರಿ. ಇಳೀರಿ ಇನ್ನ."

ರಾಯರ ಕಣ್ಣು ತುಂಬಿದವು. ಆದರೂ ಕದಲಲಿಲ್ಲ. "ಇನ್ನ ಕಾಲು ಸುತ್ತು ಉಳದದರೀ. ನೀವು ಹಾದಿಗೆ ನಿಂತೀರಿ."

ಅಲ್ಲಿಂದಾಚೆ ಹಾದಿ ಇಕ್ಕಟ್ಟು, ಸಡಿಲ ಕಲ್ಲು. ಮೇಡಂ ಬಂದ ದಾರಿಗೇ ತಿರುಗಿ, ರಾಯರ ಮೊಣಕೈ ಹಿಡಿದು ಮುಂದೆ ನಡೆದರು.

"ನಾ ಏನ್ ಪ್ರದಕ್ಷಿಣಿ ಹಾಕಾಕ ಹತ್ತಿಲ್ಲ ಮತ್ತ. ನಿಮಗ ದಾರಿ ತೋರಸಾಕ ಹತ್ತೇನಿ."

"ಗೊತ್ತದ್ರೀ ಮೇಡಂ."

"ಹಿಂದ ಕಲ್ಲೈತಿ, ಕಾಲ ಎತ್ತಿ ಇಡ್ರಿ. ಒಂಚೂರು ಎಡಕ್ಕ ಸರೀರಿ."

ಮೇಡಂ ಹೇಳಿದ್ದಕ್ಕೆ ರಾಯರು, ಯೋಚಿಸದೆ, ಎಡಕ್ಕೆ ಸರಿದರು. ದೂರದ ತಿರುವಿನಲ್ಲಿ ಮರೆವ್ವ ಬೆನ್ನು ತೋರಿಸುತ್ತ ಬರುತ್ತಿದ್ದಳು.